ವಾರಕ್ಕೊಂದು ಸಂಜೆಯ ಜನಪದ ಹಾಡಿನ ಕೂಟ: ಕಟ್ಟುವುದು ಹೇಗೆ, ನಡೆಸುವುದು ಹೇಗೆ

ಜನಪದ ಹಾಡುಗಾರರನ್ನು ನಾವು ಹೆಚ್ಚಾಗಿ ನೋಡುವುದು ಉತ್ಸವಗಳ ವೇದಿಕೆಯ ಮೇಲೆ. ಅಲ್ಲಿ ಒಂದು ಮೇಳಕ್ಕೆ ಸಿಗುವುದು ಹತ್ತೋ ಹದಿನೈದೋ ನಿಮಿಷ; ತಂಬೂರಿಯ ಶ್ರುತಿ ಕೂಡುವಷ್ಟರಲ್ಲಿ ನಿರೂಪಕರು ಮುಂದಿನ ತಂಡದ ಹೆಸರು ಕೂಗಿರುತ್ತಾರೆ. ಇಡೀ ರಾತ್ರಿ ಮಂಟೇಸ್ವಾಮಿಯ ಕಥೆಯನ್ನೋ ಮಾದಪ್ಪನ, ಎಂದರೆ ಮಲೆ ಮಹದೇಶ್ವರನ, ಕಥೆಯನ್ನೋ ಹಾಡಬಲ್ಲವರು ಅಷ್ಟು ಹೊತ್ತಿನಲ್ಲಿ ಸ್ತುತಿಯನ್ನು ಮುಗಿಸಿ ಕೈಮುಗಿದು ಇಳಿಯಬೇಕಾಗುತ್ತದೆ. ವಾರಕ್ಕೊಂದು ಸಂಜೆ, ಒಂದೇ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಕೇಳುಗರು ಸೇರುವ ಸಣ್ಣ ಕೂಟವೊಂದು ಇದ್ದರೆ ಉತ್ಸವಕ್ಕೆ ಕೊಡಲಾಗದ ಎರಡನ್ನು ಅದು ಕೊಡಬಲ್ಲದು: ಹಾಡಿಗೆ ಬೇಕಾದಷ್ಟು ಹೊತ್ತು ಮತ್ತು ಸೊಲ್ಲು (ಮತ್ತೆ ಮತ್ತೆ ಬರುವ ಪಲ್ಲವಿ) ಹೇಳಬಲ್ಲ ಕೇಳುಗರು. ಮುಂದೆ ಹೇಳುವ ಮಾತುಗಳೆಲ್ಲ ಈ ಎರಡನ್ನು ಉಳಿಸಿಕೊಳ್ಳುವ ಬಗೆಯನ್ನೇ ಕುರಿತವು. ಮೈಸೂರು ಸೀಮೆಯ ಸಣ್ಣ ಪಟ್ಟಣವೊಂದರಲ್ಲಿ ಇಂಥ ಕೂಟ ನಡೆಸಿ ಕಲಿತದ್ದನ್ನು ಬೇರೆ ಊರಿನವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಜನ, ಜಾಗ, ದಿನ

ಆರಂಭಕ್ಕೆ ಐದಾರು ಮಂದಿ ಸಾಕು. ಆದರೆ ಅವರಲ್ಲಿ ಒಬ್ಬರಾದರೂ ವಾರದ ನಡುವೆ ಹಳ್ಳಿಗೆ ಹೋಗಿ ಹಾಡುಗಾರರ ಜಗುಲಿಯ ಮೇಲೆ ಕುಳಿತು ಮಾತಾಡಿ ಬರುವಷ್ಟು ಬಿಡುವುಳ್ಳವರಾಗಿರಬೇಕು, ಇನ್ನೊಬ್ಬರು ಲೆಕ್ಕವನ್ನು ಅಂದಂದೇ ಬರೆದಿಡುವ ಶಿಸ್ತುಳ್ಳವರಾಗಿರಬೇಕು. ಉಳಿದ ಕೆಲಸಗಳನ್ನು, ಅಂದರೆ ಚಾಪೆ ಹಾಸುವುದು, ನೀರಿಡುವುದು, ಊಟ ಬಡಿಸುವುದು ಇವುಗಳನ್ನು, ಬಂದ ಕೇಳುಗರೇ ಕೆಲವು ವಾರಗಳಲ್ಲಿ ತಾವಾಗಿ ಹಂಚಿಕೊಳ್ಳುತ್ತಾರೆ.

ಜಾಗ ದೊಡ್ಡದಾಗಬೇಕಿಲ್ಲ. ನಲವತ್ತರಿಂದ ಅರವತ್ತು ಜನ ನೆಲದ ಮೇಲೆ ಕೂರಬಹುದಾದ ಶಾಲೆಯ ಕೊಠಡಿ, ಸಮುದಾಯ ಭವನದ ಪಡಸಾಲೆ, ಹಳೆಯ ತೊಟ್ಟಿಮನೆಯ ಅಂಗಳ, ಇವುಗಳಲ್ಲಿ ಯಾವುದಾದರೂ ಆದೀತು. ಎತ್ತರದ ವೇದಿಕೆಯನ್ನು ಮಾತ್ರ ಬೇಡವೆಂದು ಖಂಡಿತವಾಗಿ ಹೇಳುತ್ತೇನೆ. ಹಾಡುಗಾರರು ನೆಲದ ಮೇಲೆ, ಹೆಚ್ಚೆಂದರೆ ಒಂದು ಗೇಣು ಎತ್ತರದ ಹಲಗೆಯ ಮೇಲೆ, ಕೇಳುಗರಿಗೆ ಮೂರು ಮಾರು ದೂರದಲ್ಲಿ ಕುಳಿತರೆ ಅವರ ಕಣ್ಣು ಇವರ ಮುಖದ ಮೇಲಿರುತ್ತದೆ. ಯಾರು ಕಥೆಯೊಳಗೆ ಇಳಿದಿದ್ದಾರೆ, ಯಾರು ಎಲ್ಲಿ ತಪ್ಪಿಸಿಕೊಂಡರು ಎಂಬುದನ್ನು ನೋಡಿಕೊಂಡೇ ಅವರು ಒಂದು ಸಾಲನ್ನು ಹಿಗ್ಗಿಸುವುದೋ ಕುಗ್ಗಿಸುವುದೋ ಮಾಡುತ್ತಾರೆ. ನಡುವೆ ದೀಪದ ಕಣ್ಣುಕುಕ್ಕುವ ಬೆಳಕೂ ನಾಲ್ಕಡಿ ಎತ್ತರವೂ ಬಂದರೆ ಆ ನೋಟವೇ ಕಡಿದುಹೋಗುತ್ತದೆ. ಗೋಡೆಗಳೆಲ್ಲ ಬೋಳಾಗಿ ಮೇಲೆ ತಗಡಿನ ಮಾಡಿರುವ ಸಭಾಂಗಣಗಳಲ್ಲಿ ತಾಳದ ಸದ್ದು ಮಾತನ್ನು ನುಂಗಿಬಿಡುವುದರಿಂದ ಅವನ್ನು ಬಿಡುವುದು ಒಳ್ಳೆಯದು. ಬೇರೆ ದಾರಿಯಿಲ್ಲದಿದ್ದರೆ ಹಿಂಬದಿಯ ಗೋಡೆಗೆ ಜಮಖಾನ ಇಳಿಬಿಡಿ.

ಬಸ್‌ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರವಿರುವ ಜಾಗವನ್ನೇ ಆರಿಸಿ. ಬರುವವರಲ್ಲಿ ಹಲವರು ಅರವತ್ತು ದಾಟಿದವರು, ಕೈಯಲ್ಲಿ ವಾದ್ಯ ಹಿಡಿದವರು.

ವಾರವನ್ನು ನಿಶ್ಚಯಿಸುವಾಗ ನಮ್ಮ ಅನುಕೂಲದ ಜೊತೆಗೆ ಹಾಡುಗಾರರ ವಾರವನ್ನೂ ಕೇಳಬೇಕು. ಎಲ್ಲಮ್ಮನ ಜೋಗತಿಯರಿಗೆ ಮಂಗಳವಾರ, ಶುಕ್ರವಾರ ಜೋಗಕ್ಕೆ ಹೋಗುವ ದಿನಗಳು. ಮಾದಪ್ಪನ ಗುಡ್ಡರಿಗೆ, ಎಂದರೆ ಅವನ ಹೆಸರಲ್ಲಿ ದೀಕ್ಷೆ ಪಡೆದವರಿಗೆ, ಅಮಾವಾಸ್ಯೆ ಬೆಟ್ಟದ ದಿನ. ನಾವು ಶನಿವಾರ ಸಂಜೆ ಆರಕ್ಕೆ ಎಂದು ಇಟ್ಟುಕೊಂಡೆವು. ಅದು ಬಹುಮಟ್ಟಿಗೆ ಎಲ್ಲರಿಗೂ ಹೊಂದಿತು. ವಾರಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ವರ್ಷದ ಲೆಕ್ಕದಲ್ಲಿ. ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಐದು ದಿನದ ಜಾತ್ರೆ ಆರಂಭವಾದರೆ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಯಾರೂ ಸಿಗುವುದಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಯ ಹೊತ್ತಿಗೆ, ಕಂಚಿನ ತಾಳ ಬಡಿದು ಮಾದಪ್ಪನ ಕಥೆ ಹಾಡುವ ಕಂಸಾಳೆಯವರು ಮಲೆ ಮಹದೇಶ್ವರ ಬೆಟ್ಟದಲ್ಲಿರುತ್ತಾರೆ. ಭಾರತ ಹುಣ್ಣಿಮೆಯ ಹಿಂದುಮುಂದು ಚೌಡಿಕೆ ನುಡಿಸಿ ಎಲ್ಲಮ್ಮನ ಪದ ಹಾಡುವವರು ಸವದತ್ತಿಯ ಗುಡ್ಡದಲ್ಲೂ ಮೈಲಾರಲಿಂಗನ ಗೊರವರು ಮೈಲಾರದಲ್ಲೂ ಇರುತ್ತಾರೆ. ಮೊಹರಂ ದಿನಗಳಲ್ಲಿ ಉತ್ತರ ಕರ್ನಾಟಕದ ರಿವಾಯತ್ ಪದದವರಿಗೆ ತಮ್ಮೂರಿನಲ್ಲೇ ಬಿಡುವಿರುವುದಿಲ್ಲ. ಇವರಲ್ಲಿ ಬಹಳ ಮಂದಿ ಹೊಲದ ಕೆಲಸವನ್ನೋ ಕೂಲಿಯನ್ನೋ ನಂಬಿದವರಾದ್ದರಿಂದ ಬಿತ್ತನೆ, ನಾಟಿ, ಕೊಯ್ಲಿನ ವಾರಗಳಲ್ಲಿ ದೂರದ ಮೇಳವನ್ನು ಕರೆಯದೆ ಪಟ್ಟಣದಲ್ಲೇ ಇರುವ ಭಜನೆಯವರನ್ನೋ ತತ್ವಪದದವರನ್ನೋ ಕರೆಯುವುದು ಸರಿ. ಇವನ್ನೆಲ್ಲ ಪಂಚಾಂಗದ ಪಕ್ಕದಲ್ಲಿಟ್ಟುಕೊಂಡು ಆರು ತಿಂಗಳ ಪಟ್ಟಿ ಬರೆದುಕೊಂಡರೆ ಕೊನೆಯ ಗಳಿಗೆಯ ಪರದಾಟ ತಪ್ಪುತ್ತದೆ.

ಹಾಡುಗಾರರನ್ನು ಹುಡುಕುವುದು

ಬೆಂಗಳೂರಿನ ಕರ್ನಾಟಕ ಜಾನಪದ ಅಕಾಡೆಮಿ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಅದನ್ನು ನಡೆಸುವ ಕರ್ನಾಟಕ ಜಾನಪದ ಪರಿಷತ್ತು, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯ, ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಚೇರಿ, ಇಲ್ಲೆಲ್ಲ ಕೇಳಿದರೆ ಆಯಾ ಸೀಮೆಯ ಕಲಾವಿದರ ಹೆಸರುಗಳು ಸಿಗುತ್ತವೆ. ಮೊದಲ ಕೆಲವು ವಾರಗಳಿಗೆ ಇದು ಸಾಕು. ಆದರೆ ಪಟ್ಟಿಯಲ್ಲಿರುವವರು ಈಗಾಗಲೇ ವೇದಿಕೆ ಕಂಡವರು. ಕೂಟದ ನಿಜವಾದ ಕೆಲಸ ಪಟ್ಟಿಯಲ್ಲಿಲ್ಲದವರನ್ನು ಕಾಣುವುದರಲ್ಲಿದೆ, ಅದಕ್ಕೆ ಹಾಡುಗಾರರನ್ನೇ ಕೇಳಬೇಕು. ಪ್ರತಿ ಶನಿವಾರ ಊಟದ ಹೊತ್ತಿನಲ್ಲಿ ನಾವು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತೇವೆ: ನಿಮಗೆ ಯಾರ ಹಾಡು ಕೇಳಬೇಕೆನಿಸುತ್ತದೆ? ಇದಕ್ಕೆ ಬರುವ ಉತ್ತರದಲ್ಲಿ ಒಬ್ಬ ಗುರುವಿನ ಹೆಸರೋ, ಮದುವೆಗಳಲ್ಲಿ ಸೋಬಾನೆ ಹೇಳುವ ಸೋದರತ್ತೆಯ ಹೆಸರೋ ಇರುತ್ತದೆ. ನಮ್ಮ ಪುಸ್ತಕದಲ್ಲಿರುವ ಹೆಸರುಗಳಲ್ಲಿ ಹೆಚ್ಚಿನವು ಹೀಗೆ ಬಂದವು.

ಹೆಂಗಸರ ಹಾಡು ಬೇರೆ ಬಗೆಯ ತಾಳ್ಮೆ ಕೇಳುತ್ತದೆ. ಮೇಳ ಕಟ್ಟಿ ತಿರುಗುವವರು ಬಹುತೇಕ ಗಂಡಸರು. ಸೋಬಾನೆ, ಬೀಸುವ ಪದ, ನಾಟಿಯ ಪದ, ಲಾಲಿ, ಆರತಿಯ ಪದಗಳ ಭಂಡಾರವಿರುವುದು ಮನೆಯೊಳಗಿನವರಲ್ಲಿ. ಅಂಕೋಲಾ ಬಳಿಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಗೆ ಹೋಗದೆ ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡು ಬಾಳಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾಡು ಅವರನ್ನು ತಿರುಗಿ ನೋಡಿತು, 2025ರಲ್ಲಿ ಅವರು ತೀರಿಕೊಂಡರು. ಅವರಷ್ಟು ಹಾಡು ಬಲ್ಲವರು ಅಲ್ಲದಿದ್ದರೂ ಪ್ರತಿ ಊರಿನಲ್ಲೂ ಒಬ್ಬಿಬ್ಬರು ಹಾಡುವ ಅಜ್ಜಿಯರು ಇರುತ್ತಾರೆ, ಮತ್ತು ಅವರು ‘ನಮಗೇನು ಬರುತ್ತದಪ್ಪ’ ಎಂದೇ ಮಾತು ತೆಗೆಯುತ್ತಾರೆ. ಒಬ್ಬರನ್ನೇ ಕರೆಯಬೇಡಿ, ಜೊತೆಗೆ ಹಾಡುವ ನಾಲ್ವರನ್ನು ಒಟ್ಟಿಗೆ ಕರೆಯಿರಿ. ಕರೆಯಲು ಹೋಗುವವರಲ್ಲಿ ಒಬ್ಬ ಹೆಂಗಸಾದರೂ ಇರಲಿ. ಮನೆಯವರೊಡನೆ ಮಾತಾಡಿ, ಕರೆತರುವುದೂ ರಾತ್ರಿ ಮನೆ ಬಾಗಿಲಿಗೆ ಬಿಡುವುದೂ ನಮ್ಮ ಹೊಣೆ ಎಂದು ತಿಳಿಸಿ, ಹಾಗೆಯೇ ನಡೆದುಕೊಳ್ಳಬೇಕು.

ಒಮ್ಮೆ ಬೀಸುವ ಪದ ಹೇಳಲು ಒಬ್ಬ ಅಜ್ಜಿ ಬಂದಿದ್ದರು. ಮೈಕಿನ ಮುಂದೆ ಕೂರಿಸಿದೆವು. ಎರಡು ನುಡಿ ಹೇಳಿ ನಿಂತುಬಿಟ್ಟರು, ಮುಂದಿನದು ನೆನಪಾಗುತ್ತಿಲ್ಲವೆಂದು ಸೆರಗಿನಿಂದ ಮುಖ ಒರೆಸಿಕೊಂಡರು. ಎದುರು ಮನೆಯ ಹಿತ್ತಲಲ್ಲಿ ಬಿದ್ದಿದ್ದ ರಾಗಿಕಲ್ಲನ್ನು ಇಬ್ಬರು ಹುಡುಗರು ಹೊತ್ತು ತಂದಿಟ್ಟು, ಒಂದು ಸೇರು ರಾಗಿ ಸುರಿದರು. ಅಜ್ಜಿ ಕಾಲು ಚಾಚಿ ಕುಳಿತು, ಗೂಟ ಹಿಡಿದು, ಕಲ್ಲಿಗೆ ಕೈಮುಗಿದು ಎರಡು ಸುತ್ತು ಬರಿದೇ ತಿರುಗಿಸಿದರು. ಮೂರನೆಯ ಸುತ್ತಿಗೆ ಪದ ಬಂತು. ಕಲ್ಲು ಎದುರು ಬದಿಗೆ ಹೋಗುವಾಗ ಸಾಲು ನೀಳವಾಗುತ್ತಿತ್ತು, ಕಾಳು ಹಾಕಲು ಕೈ ಬಿಟ್ಟಲ್ಲಿ ಉಸಿರು ಬೀಳುತ್ತಿತ್ತು. ಮುಕ್ಕಾಲು ಗಂಟೆ ಹೇಳಿದರು. ತ್ರಿಪದಿಯ ಸಾಲುಗಳು ಅಷ್ಟಷ್ಟೇ ಉದ್ದವಿರುವುದೇಕೆಂದು ಪುಸ್ತಕದಲ್ಲಿ ಓದಿ ತಿಳಿದುಕೊಂಡಿದ್ದವರಿಗೆಲ್ಲ ಅಂದು ಅದು ಕಿವಿಗೆ ತಿಳಿಯಿತು. ಕೆಲಸದ ಹಾಡಿಗೆ ಕೆಲಸದ ಸಾಮಾನು ಎದುರಿಗಿರಲಿ: ಬೀಸುವುದಕ್ಕೆ ಕಲ್ಲು, ಕುಟ್ಟುವುದಕ್ಕೆ ಒರಳು ಒನಕೆ, ಲಾಲಿಗೆ ತೊಟ್ಟಿಲು ಅಥವಾ ಮೊಮ್ಮಗುವೇ.

ವೀಳ್ಯ ಕೊಡುವಾಗ ಆಡಬೇಕಾದ ಮಾತುಗಳು

ನಮ್ಮ ಕಡೆ ಮೇಳವನ್ನು ವೀಳ್ಯ ಕೊಟ್ಟು ಕರೆಯುವ ಪದ್ಧತಿಯಿದೆ. ಎಲೆ ಅಡಿಕೆಯ ಮೇಲೆ ಸ್ವಲ್ಪ ಮುಂಗಡ ಹಣವಿಟ್ಟು ದಿನ ಹೇಳಿದರೆ ಮಾತು ಗಟ್ಟಿಯಾದಂತೆ. ಫೋನಿನಲ್ಲಿ ಕರೆಯುವ ಕಾಲದಲ್ಲೂ ಮೊದಲ ಸಲ ಹೋಗಿ ವೀಳ್ಯ ಕೊಡುವುದನ್ನು ನಾವು ಬಿಟ್ಟಿಲ್ಲ, ಏಕೆಂದರೆ ಕೇಳಬೇಕಾದ ಕೆಲವು ಮಾತುಗಳನ್ನು ಎದುರಿಗೆ ಕುಳಿತೇ ಕೇಳಬೇಕು.

ಮೇಳದಲ್ಲಿ ಎಷ್ಟು ಜನ ಎಂಬುದು ಮೊದಲನೆಯದು. ಖರ್ಚು ಉಳಿಸಲು ‘ಮೂವರೇ ಬನ್ನಿ’ ಎನ್ನುವುದು ದೊಡ್ಡ ತಪ್ಪು. ಹಿಮ್ಮೇಳದ ಒಬ್ಬರು ಕಡಿಮೆಯಾದರೆ ಮುಂದಾಳಿಗೆ ಉಸಿರು ತೆಗೆದುಕೊಳ್ಳುವ ಎಡೆ ಕಡಿಮೆಯಾಗುತ್ತದೆ, ಕಥೆ ಅಷ್ಟು ಬೇಗ ದಣಿಯುತ್ತದೆ. ಗೀಗೀ ಪದಕ್ಕಾದರೆ ದಪ್ಪು ಎಂಬ ಚರ್ಮವಾದ್ಯ ಹಿಡಿದು ಹಾಡುವವರ ಜೊತೆ ತುಂತುಣಿ ಎಂಬ ತಂತಿವಾದ್ಯದವರು, ತಾಳದವರು ಬೇಕೇ ಬೇಕು. ಹರದೇಶಿ–ನಾಗೇಶಿಯ ಸವಾಲು ಜವಾಬು ಕೇಳಬೇಕೆಂದರೆ ಗಂಡು ಹೆಚ್ಚೆಂದು ವಾದಿಸುವ ಒಂದು ಮೇಳ, ಹೆಣ್ಣು ಹೆಚ್ಚೆಂದು ವಾದಿಸುವ ಇನ್ನೊಂದು ಮೇಳ, ಹೀಗೆ ಎರಡನ್ನೂ ಕರೆಯಬೇಕಾಗುವುದರಿಂದ ಖರ್ಚು ಇಮ್ಮಡಿಯಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ಮಾಡಿಸುವುದು ಆ ಖರ್ಚಿಗೆ ತಕ್ಕದ್ದು.

ಏನನ್ನು ಹಾಡುವುದಿಲ್ಲ ಎಂಬುದನ್ನು ಎರಡನೆಯದಾಗಿ ಕೇಳಿ. ದೀಕ್ಷೆ ಪಡೆದವರಿಗೆ ಅವರದೇ ಕಟ್ಟುಗಳಿವೆ. ಕೆಲವು ಭಾಗಗಳನ್ನು ಗದ್ದುಗೆಯ ಮುಂದಲ್ಲದೆ ಹೇಳದವರಿದ್ದಾರೆ, ಸೂತಕದಲ್ಲಿ ವಾದ್ಯ ಮುಟ್ಟದವರಿದ್ದಾರೆ, ಸಾವಿನ ಮನೆಯ ಹಾಡನ್ನು ಬೇರೆಡೆ ಹೇಳಬಾರದೆನ್ನುವವರಿದ್ದಾರೆ. ಇದನ್ನು ಮೂಢನಂಬಿಕೆಯೆಂದು ವಾದಕ್ಕಿಳಿಯುವುದೂ ಕುತೂಹಲಕ್ಕಾಗಿ ಒತ್ತಾಯಿಸುವುದೂ ನಮಗೆ ಸಲ್ಲದು. ಹಾಡುವ ಮೊದಲು ದೀಪ, ಧೂಪ, ಸ್ವಲ್ಪ ಅಕ್ಕಿ, ತೆಂಗಿನಕಾಯಿ ಬೇಕಾಗುವುದುಂಟು. ಏನು ಬೇಕೆಂದು ಕೇಳಿ ಮೊದಲೇ ತಂದಿಡಿ.

ಗೌರವಧನದ ಮಾತನ್ನು ಮೂರನೆಯದಾಗಿ, ನಾವೇ, ಸ್ಪಷ್ಟವಾದ ಅಂಕಿಯಲ್ಲಿ ಎತ್ತಬೇಕು. ‘ನಿಮ್ಮ ಸಂತೋಷ’ ಎಂದು ಅವರು ಹೇಳುವುದು ಸೌಜನ್ಯಕ್ಕೆ, ಅದನ್ನು ಹಿಡಿದುಕೊಂಡು ಕಡಿಮೆ ಕೊಡುವುದು ಅನ್ಯಾಯ. ನಮ್ಮ ಲೆಕ್ಕ ಹೀಗಿದೆ: ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ಬೆಳಿಗ್ಗೆ ಮನೆ ಸೇರುವವರಿಗೆ ಎರಡು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಆ ಊರಿನ ಎರಡು ದಿನದ ಕೂಲಿಗಿಂತ ಕಡಿಮೆಯಾಗದಂತೆ ತಲೆತಲೆಗೆ ಒಂದು ಮೊತ್ತ, ಅದರ ಮೇಲೆ ಮುಂದಾಳಿಗೆ ಹೆಚ್ಚುವರಿ, ಬಸ್‌ ಖರ್ಚು ಬೇರೆ. ಹಣವನ್ನು ಅಂದೇ ರಾತ್ರಿ, ಹೊರಡುವ ಮೊದಲು ಕೈಯಲ್ಲಿ ಕೊಡಬೇಕು. ಸರ್ಕಾರಿ ಕಾರ್ಯಕ್ರಮದಲ್ಲಿ ಹಾಡಿ ಹಣಕ್ಕಾಗಿ ತಿಂಗಳುಗಟ್ಟಲೆ ಕಾದೆವೆಂದು ನಮ್ಮಲ್ಲಿಗೆ ಬಂದ ಮೇಳದವರು ಹೇಳಿದ್ದನ್ನು ಎಷ್ಟೋ ಸಲ ಕೇಳಿದ್ದೇನೆ.

ಸಂಜೆಯ ನಡೆ

ನಾವು ಆರಂಭದಲ್ಲಿ ಮಾಡಿದ ತಪ್ಪೆಂದರೆ ವಾರಕ್ಕೊಂದು ಕಲೆ ಎಂದು ಇಟ್ಟುಕೊಂಡದ್ದು. ಈ ವಾರ ಕಂಸಾಳೆ, ಮುಂದಿನ ವಾರ ಲಾವಣಿ, ಅದರ ಮುಂದಿನ ವಾರ ಬುರ್ರಕಥೆ, ಹೀಗೆ ನಡೆಸಿದಾಗ ಜನಕ್ಕೆ ಎಲ್ಲದರ ಪರಿಚಯವಾಯಿತು, ಯಾವುದರ ರುಚಿಯೂ ಹತ್ತಲಿಲ್ಲ. ಉತ್ಸವವನ್ನೇ ನಾವು ವಾರಗಳಿಗೆ ಹರಿದು ಹಂಚಿದ್ದೆವು, ಅಷ್ಟೆ. ಆಮೇಲೆ ಕ್ರಮ ಬದಲಿಸಿ, ಒಂದೇ ಮೇಳವನ್ನು ನಾಲ್ಕು ವಾರ ಸಾಲಾಗಿ ಕರೆಯಲು ಶುರುಮಾಡಿದೆವು.

ದಕ್ಷಿಣ ಸೀಮೆಯ ದೊಡ್ಡ ಕಥನಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಮಂಟೇಸ್ವಾಮಿಯ ಕಥೆಯೂ ಮಲೆ ಮಾದಪ್ಪನ ಕಥೆಯೂ ‘ಸಾಲು’ಗಳಾಗಿ ನಿಂತಿವೆ. ಮಾದಪ್ಪನ ಕಥೆಯಲ್ಲಿ ಶ್ರವಣದೊರೆಯ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು, ಸರಗೂರಯ್ಯನ ಸಾಲು ಎಂದು ಒಂದೊಂದೂ ತನ್ನಷ್ಟಕ್ಕೆ ಪೂರ್ಣವಾದ ಕಥೆ. ಮಂಟೇಸ್ವಾಮಿಯಲ್ಲಿ ಕಲ್ಯಾಣದ ಸಾಲು, ಕುಲುಮೆ ಸಾಲು ಹಾಗೆಯೇ. ಒಂದು ಸಂಜೆಗೆ ಒಂದು ಸಾಲು, ಎರಡೂವರೆ ಗಂಟೆ ಎಂದು ಇಟ್ಟುಕೊಂಡರೆ ಹಾಡುಗಾರರಿಗೆ ಅದು ಬಿಗಿಯೆನಿಸಿದರೂ ಉಸಿರು ಕಟ್ಟುವಷ್ಟಲ್ಲ. ಜೇನು ಮಲೆಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನಿಂದ ಭಾಷೆ (ಆಣೆಯ ಮಾತು) ಕೇಳುವ ಪ್ರಸಂಗವನ್ನು ಹತ್ತು ನಿಮಿಷದಲ್ಲಿ ಕೇಳಿದವರಿಗೆ ಅದು ಒಂದು ಘಟನೆ. ಅದನ್ನೇ ಒಂದು ಗಂಟೆ ಕೇಳಿದವರಿಗೆ ಆ ಗಂಡನ ಸಂಶಯ ಹೆಜ್ಜೆಹೆಜ್ಜೆಯಾಗಿ ಬೆಳೆಯುವುದೂ ಅವಳು ಪ್ರತಿ ಸಲ ಬೇರೆ ಮಾತಿನಲ್ಲಿ ಒಲ್ಲೆನೆನ್ನುವುದೂ ಕೇಳಿಸುತ್ತದೆ. ಒಬ್ಬ ಹಾಡುಗಾರರು ಆ ಜಾಗದಲ್ಲಿ ಕಂಸಾಳೆಯನ್ನು ಪೂರ್ತಿ ನಿಲ್ಲಿಸಿ ಬರಿಯ ಮಾತಿನಲ್ಲಿ ಸಂಕಮ್ಮನ ಉತ್ತರ ಹೇಳಿ, ಮತ್ತೆ ಬಟ್ಟಲಿಗೆ ಬಟ್ಟಲು ತಾಕಿಸಿದಾಗ ಇಡೀ ಕೊಠಡಿ ಒಮ್ಮೆಗೇ ಉಸಿರು ಬಿಟ್ಟಿತು.

ನಾಲ್ಕು ವಾರಗಳ ಲಾಭ ಇಷ್ಟೇ ಅಲ್ಲ. ಮೊದಲ ವಾರ ಸೊಲ್ಲು ಹೇಳಲು ನಾಚುವ ಕೇಳುಗರು ಎರಡನೆಯ ವಾರ ತುಟಿಯಲ್ಲಾಡಿಸುತ್ತಾರೆ, ಮೂರನೆಯ ವಾರ ಹಿಮ್ಮೇಳದ ಜೊತೆ ದನಿಗೂಡಿಸುತ್ತಾರೆ. ಹಳ್ಳಿಯಲ್ಲಿ ಕಥೆ ನಡೆಯುವುದೇ ಹೀಗೆ. ಕೇಳುವವರ ‘ಹೂಂ’ಗುಟ್ಟುವಿಕೆಯಿಲ್ಲದೆ ಹೇಳುವವರಿಗೆ ದಾರಿ ಸಾಗುವುದಿಲ್ಲ. ಆದ್ದರಿಂದ ಹಾಡು ತೊಡಗುವ ಮೊದಲು ಐದು ನಿಮಿಷ ಮುಂದಾಳಿಂದಲೇ ಸೊಲ್ಲನ್ನು ಹೇಳಿಸಿ, ಕೇಳುಗರಿಂದ ಮೂರ್ನಾಲ್ಕು ಸಲ ಹೇಳಿಸುವುದನ್ನು ರೂಢಿ ಮಾಡಿಕೊಳ್ಳಿ. ಮುದ್ರಿಸಿದ ಹಾಳೆ ಹಂಚಬೇಡಿ. ಹಾಳೆ ಕೈಗೆ ಬಂದರೆ ಕಣ್ಣು ಅದರ ಮೇಲೆ ಬೀಳುತ್ತದೆ, ಹಾಡುಗಾರರು ಅಂದಿನ ಹೊತ್ತಿಗೆ ತಕ್ಕಂತೆ ಬದಲಿಸಿದ ಮಾತು ತಪ್ಪೆಂದು ತೋರತೊಡಗುತ್ತದೆ.

ಪರಿಚಯದ ಭಾಷಣ ಮೂರು ನಿಮಿಷ ಮೀರದಿರಲಿ. ಹಾಡುಗಾರರ ಹೆಸರು, ಊರು, ಯಾರಿಂದ ಕಲಿತರು, ಇಂದಿನ ಕಥೆಯ ಎಳೆ, ಇಷ್ಟು ಸಾಕು. ಅತಿಥಿಗಳ ಸಾಲು, ಹಾರ ತುರಾಯಿ, ಸ್ವಾಗತ ವಂದನಾರ್ಪಣೆಗಳನ್ನು ಸೇರಿಸಿದರೆ ಹಾಡಿನ ಒಂದು ಗಂಟೆ ಅಲ್ಲೇ ಕರಗುತ್ತದೆ. ಆರಕ್ಕೆ ಎಂದರೆ ಆರೂಕಾಲಕ್ಕಾದರೂ ಹಾಡು ಆರಂಭವಾಗಬೇಕು.

ತಿಂಗಳಲ್ಲಿ ಐದನೆಯ ಶನಿವಾರ ಬಂದರೆ ಅದನ್ನು ನಾವು ಕೇಳುಗರಿಗೇ ಬಿಟ್ಟಿದ್ದೇವೆ. ಯಾರು ಬೇಕಾದರೂ ಒಂದು ಪದ ಹೇಳಬಹುದು, ಆದರೆ ಅದನ್ನು ಒಬ್ಬ ಮನುಷ್ಯರ ಬಾಯಿಂದ ಕಲಿತಿರಬೇಕು ಮತ್ತು ಯಾರಿಂದ ಎಂದು ಮೊದಲು ಹೇಳಬೇಕು. ಕ್ಯಾಸೆಟ್ಟಿನಿಂದಲೋ ಮೊಬೈಲಿನಿಂದಲೋ ಕಲಿತದ್ದಕ್ಕೆ ಆ ದಿನ ಅವಕಾಶವಿಲ್ಲ. ಈ ಕಟ್ಟು ಮೊದಲಿಗೆ ಬಿರುಸೆನಿಸಿತು. ಆದರೆ ಇದರಿಂದಾಗಿಯೇ ಹಲವರು ಊರಿಗೆ ಹೋಗಿ ಅಜ್ಜಿಯ ಪಕ್ಕ ಕುಳಿತು ಹಾಡು ಕಲಿತು ಬಂದರು.

ವಾದ್ಯ ಮತ್ತು ಧ್ವನಿ

ಐವತ್ತು ಜನರ ಕೊಠಡಿಗೆ ಮೈಕು ಬೇಕಾಗುವುದಿಲ್ಲ. ನೀಲಗಾರರ ತಂಬೂರಿ, ಡಕ್ಕೆ, ಗಗ್ಗರಗಳೂ ತತ್ವಪದದವರ ಏಕತಾರಿ, ದಮ್ಮಡಿಗಳೂ ಪಡಸಾಲೆಯ ಅಳತೆಗೇ ಹೊಂದಿದ ವಾದ್ಯಗಳು. ವಯಸ್ಸಾದವರ ದನಿ ತೆಳ್ಳಗಿದ್ದರೆ ಮುಂದಾಳಿಗೊಂದು, ಹಿಮ್ಮೇಳದ ಇಬ್ಬರ ನಡುವೆ ಒಂದು, ಹೀಗೆ ಎರಡು ಮೈಕು ಸಾಕು. ಕಂಸಾಳೆ, ತಾಳಗಳು ಮೈಕಿನಿಂದ ನಾಲ್ಕೈದು ಅಡಿ ದೂರವಿರಲಿ. ಕಂಚಿನ ನಾದ ನೇರವಾಗಿ ಒಳಗೆ ಹೋದರೆ ಮಾತು ಒಂದೂ ಕೇಳಿಸುವುದಿಲ್ಲ, ಮತ್ತು ಈ ಹಾಡುಗಳಲ್ಲಿ ಮಾತೇ ಜೀವ. ಬಾಡಿಗೆಯ ಧ್ವನಿವರ್ಧಕದವರು ಕೇಳದಿದ್ದರೂ ಎಕೋ ಏರಿಸುತ್ತಾರೆ, ಅದನ್ನು ಸೊನ್ನೆಗೆ ಇಳಿಸಿ ಎಂದು ಪ್ರತಿ ಸಲ ಹೇಳಬೇಕು. ಹಾಡಿನ ಹಿಂದೆ ಕೀಬೋರ್ಡು, ರಿದಂ ಪ್ಯಾಡು ಸೇರಿಸುವ ಸಲಹೆ ಕೊಡುವವರು ಯಾವಾಗಲೂ ಇರುತ್ತಾರೆ. ತಂಬೂರಿಯ ಶ್ರುತಿಗೆ ಹಾಡುಗಾರರು ಅಂದಿನ ಗಂಟಲಿಗೆ ತಕ್ಕಂತೆ ತಂತಿ ಬಿಗಿಮಾಡಿಕೊಳ್ಳುತ್ತಾರೆ, ಮೊದಲೇ ಗೊತ್ತುಪಡಿಸಿದ ಕೀಬೋರ್ಡಿನ ಶ್ರುತಿಗೆ ಹೊಂದಲು ಹೋಗಿ ದನಿ ಒಡೆಯುತ್ತದೆ.

ಬಯಲಿನಲ್ಲಿ ಧ್ವನಿವರ್ಧಕ ಹಾಕುವುದಾದರೆ ಪೊಲೀಸರ ಲಿಖಿತ ಅನುಮತಿ ಬೇಕು. ಶಬ್ದ ಮಾಲಿನ್ಯ ನಿಯಂತ್ರಣದ 2000ರ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣದ ಹೊರಗೆ ಅದನ್ನು ಬಳಸುವಂತಿಲ್ಲ, ಮತ್ತು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್‌ ಮಿತಿಯಿದೆ. ಒಂಬತ್ತಕ್ಕೆ ಮುಗಿಸುವ ಕೂಟಕ್ಕೆ ಇದರಿಂದ ತೊಂದರೆಯಾಗದು. ವರ್ಷಕ್ಕೊಂದು ಸಲ ಇಡೀ ರಾತ್ರಿಯ ಕಥೆ ಇಟ್ಟುಕೊಂಡಾಗ ಮೈಕಿಲ್ಲದೆ ನಡೆಸುವುದೇ ಚೆಂದ.

ಚರ್ಮವಾದ್ಯಗಳ ವಿಷಯದಲ್ಲಿ ಒಂದು ಮುಖ್ಯ ಮಾತಿದೆ. ಒಂದು ಮಳೆಗಾಲದ ಸಂಜೆ ತಮಟೆಯ ಮೇಳ ಬಂದಿತ್ತು. ಜಡಿಮಳೆಗೆ ಚರ್ಮ ಹದಬಿಟ್ಟು, ಕೋಲು ಬಿದ್ದಲ್ಲಿ ಒದ್ದೆ ಗೋಣಿಯನ್ನು ಬಡಿದ ಸದ್ದು ಬರುತ್ತಿತ್ತು. ಬೆಂಕಿಗೆ ಜಾಗವೆಲ್ಲಿ ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಹಿತ್ತಲ ಚಪ್ಪರದಡಿ ಒಣ ತೆಂಗಿನ ಗರಿ ಹುಡುಕಿ ಉರಿ ಮಾಡಿದೆವು. ತಮಟೆಯವರು ಅದರ ಮುಖವನ್ನು ಉರಿಯಿಂದ ಒಂದು ಗೇಣು ದೂರ ಹಿಡಿದು, ಒಂದೇ ಕಡೆ ಕಾಯದಂತೆ ಮೆಲ್ಲಗೆ ತಿರುಗಿಸುತ್ತ, ಆಗಾಗ ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಐದಾರು ನಿಮಿಷದಲ್ಲಿ ‘ದಬ್’ ಎನ್ನುತ್ತಿದ್ದದ್ದು ‘ಟಣ್’ ಎಂದಿತು. ಅರ್ಧ ಗಂಟೆಗೊಮ್ಮೆ ಹಾಗೆ ಕಾಯಿಸಲೇಬೇಕು. ಆ ದಿನದಿಂದ ಹಿತ್ತಲಲ್ಲಿ ಒಂದು ಮೂಲೆ, ಒಣಹುಲ್ಲಿನ ಒಂದು ಕಂತೆ, ಬಕೆಟ್ಟಿನಲ್ಲಿ ನೀರು ಸದಾ ಸಿದ್ಧವಿರುತ್ತವೆ.

ಊಟ, ಪಂಕ್ತಿ, ಮರ್ಯಾದೆ

ಬಹುಪಾಲು ಹಾಡುಗಾರರು ಸಮಾಜ ಬಹುಕಾಲ ದೂರವಿಟ್ಟ ಸಮುದಾಯಗಳಿಂದ ಬಂದವರು. ತಮಟೆ ಬಡಿಯುವವರನ್ನು ಮೆರವಣಿಗೆಯ ಮುಂದೆ ನಡೆಸಿ ಊಟಕ್ಕೆ ಹೊರಗೆ ಕೂರಿಸಿದ ಅನುಭವ ಅವರ ನೆನಪಿನಲ್ಲಿದೆ, ಆದ್ದರಿಂದ ಅವರು ಬಂದ ಕೂಡಲೇ ಬಾಗಿಲ ಬಳಿ ನಿಲ್ಲುತ್ತಾರೆ. ಒಳಗೆ ಕರೆದು, ಎಲ್ಲರೂ ಕೂರುವ ಚಾಪೆಯಲ್ಲೇ ಕೂರಿಸಿ, ಎಲ್ಲರಿಗೂ ಕೊಡುವ ಲೋಟದಲ್ಲೇ ಕಾಫಿ ಕೊಡುವುದು ಮೊದಲ ಕೆಲಸ. ಊಟ ಒಂದೇ ಪಂಕ್ತಿಯಲ್ಲಿ, ಸಂಘಟಕರೂ ಕೇಳುಗರೂ ಹಾಡುಗಾರರೂ ಬೆರೆತು ಕೂರುವಂತಿರಲಿ. ಇದಕ್ಕೆ ಒಪ್ಪದ ಮನೆಯ ಜಗುಲಿ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಕೂಟ ನಡೆಸಬಾರದು. ಒಬ್ಬರು ಜಾಗ ಕೊಡಲು ಮುಂದೆ ಬಂದು ಊಟ ಮಾತ್ರ ಬೇರೆ ಎಂದಾಗ ನಾವು ಆ ಜಾಗ ಬಿಟ್ಟು ಶಾಲೆಯ ಕೊಠಡಿಗೆ ಹೋದೆವು.

ಏಕವಚನದ ರೂಢಿಯನ್ನೂ ಗಮನಿಸಬೇಕು. ವಯಸ್ಸಾದ ಹಾಡುಗಾರರನ್ನು ‘ಬಾರಪ್ಪ, ಹಾಡಪ್ಪ’ ಎಂದು ಪಟ್ಟಣದ ಹುಡುಗರು ಕರೆಯುವುದು ಪ್ರೀತಿಯಿಂದಲೇ ಇರಬಹುದು, ಕೇಳುವವರಿಗೆ ಹಾಗೆ ಕೇಳಿಸುವುದಿಲ್ಲ.

ಹಣ ಮತ್ತು ಕಾಗದಪತ್ರ

ಐವತ್ತು ಜನರಿಂದ ತಲೆಗೆ ಐವತ್ತು ರೂಪಾಯಿ ಎತ್ತಿದರೆ 2,500 ರೂಪಾಯಿ ಆಗುತ್ತದೆ; ಐದು ಜನರ ಮೇಳದ ಗೌರವಧನ, ಪ್ರಯಾಣ, ಊಟಕ್ಕೆ ಅದು ಸಾಲದು. ಆದ್ದರಿಂದ ತಿಂಗಳ ಚಂದಾ ಕೊಡುವ ಮೂವತ್ತು ನಲವತ್ತು ಸದಸ್ಯರನ್ನು ಮೊದಲು ಮಾಡಿಕೊಂಡು, ಉಳಿದವರಿಗೆ ಬಾಗಿಲಲ್ಲಿ ಒಂದು ಹುಂಡಿ ಇಡಿ. ಹಣವಿಲ್ಲದವರೂ ಕೇಳಲು ಬರುವಂತಿರಬೇಕು. ಪ್ರಾಯೋಜಕರು ಸಿಕ್ಕರೆ ಒಂದು ವಾರದ ಊಟದ ಖರ್ಚನ್ನು ವಹಿಸಲಿ, ಹಾಡುಗಾರರ ಹಿಂದೆ ಅವರ ಜಾಹೀರಾತಿನ ಬ್ಯಾನರು ಮಾತ್ರ ಬೇಡ. ವರ್ಷ ತುಂಬಿದ ಮೇಲೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘವಾಗಿ ನೋಂದಾಯಿಸಿಕೊಂಡರೆ ಬ್ಯಾಂಕ್‌ ಖಾತೆಗೂ ಅನುದಾನದ ಅರ್ಜಿಗೂ ಅನುಕೂಲ. ಅನುದಾನ ಬರುವುದೆಂದು ನಂಬಿ ಮೇಳಕ್ಕೆ ವೀಳ್ಯ ಕೊಡಬೇಡಿ.

ಧ್ವನಿಮುದ್ರಣ

ಈಗ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು ಇದೆ. ಹಾಡು ಆರಂಭವಾದ ಕೂಡಲೇ ಹತ್ತು ಕೈಗಳು ಮೇಲೇಳುತ್ತವೆ. 1957ರ ಕೃತಿಸ್ವಾಮ್ಯ ಕಾಯ್ದೆ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ಕೊಟ್ಟಿದೆ. ಸ್ವಂತ ಬಳಕೆ, ಪಾಠ, ಸಂಶೋಧನೆಗಳಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಅವರ ಒಪ್ಪಿಗೆಯಿಲ್ಲದೆ ಮುದ್ರಿಸಿ ಹಂಚುವುದು ಆ ಹಕ್ಕಿನ ಉಲ್ಲಂಘನೆ. ಪದ ಪರಂಪರೆಯದಾದರೂ ಅಂದು ಅದನ್ನು ಹಾಡಿದ ದನಿ ಒಬ್ಬರದು. ನಾವು ಒಂದೇ ಯಂತ್ರದಲ್ಲಿ, ಒಬ್ಬರೇ ಮುದ್ರಿಸುತ್ತೇವೆ. ಉಳಿದವರ ಮೊಬೈಲು ಚೀಲದಲ್ಲಿರುತ್ತದೆ. ಮುದ್ರಿಸುವ ಮೊದಲು ಒಪ್ಪಿಗೆಯನ್ನು ಕೇಳಿ, ಯೂಟ್ಯೂಬಿಗೆ ಹಾಕಬಹುದೇ, ಪುಸ್ತಕಕ್ಕೆ ಬರೆದುಕೊಳ್ಳಬಹುದೇ, ಬೇರೆಯವರಿಗೆ ಕೊಡಬಹುದೇ ಎಂದು ಬಿಡಿಬಿಡಿಯಾಗಿ ವಿಚಾರಿಸಿ, ಅವರ ಉತ್ತರವನ್ನು ಅದೇ ಮುದ್ರಣದ ಆರಂಭದಲ್ಲಿ ಅವರ ದನಿಯಲ್ಲೇ ಸೇರಿಸುತ್ತೇವೆ. ಓದುಬರಹ ಬಾರದವರಿಂದ ಹಾಳೆಗೆ ಹೆಬ್ಬೆಟ್ಟು ಒತ್ತಿಸುವುದಕ್ಕಿಂತ ಇದು ಮೇಲು.

ಪ್ರತಿ ಮುದ್ರಣದ ಜೊತೆ ತಾರೀಖು, ಹಾಡುಗಾರರ ಹೆಸರು, ಹಿಮ್ಮೇಳದವರ ಹೆಸರು, ಸಾಲಿನ ಹೆಸರು, ಗುರುವಿನ ಹೆಸರು ಬರೆದಿಡಿ. ಹಿಮ್ಮೇಳದವರ ಹೆಸರು ಬಿಟ್ಟುಹೋಗುವುದು ಎಲ್ಲ ಕಡೆಯ ಚಾಳಿ. ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಮೇಳಕ್ಕೆ ಕೊಡಬೇಕು. ಮೇಳದ ಕಿರಿಯರು ಅದನ್ನು ಕೇಳಿಯೇ ಮರೆತ ನುಡಿಗಳನ್ನು ಕೂಡಿಸಿಕೊಳ್ಳುವುದನ್ನು ಕಂಡಿದ್ದೇನೆ. ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಮಗ ನಮ್ಮಲ್ಲಿಗೆ ಬಂದು, ತಂದೆ ಹೇಳಿದ್ದ ಕುಲುಮೆ ಸಾಲನ್ನು ಕೇಳಿ ತೆಗೆದುಕೊಂಡು ಹೋದರು. ಆರು ತಿಂಗಳಾದ ಮೇಲೆ ಅದೇ ಚಾಪೆಯ ಮೇಲೆ ಕುಳಿತು ಅದನ್ನು ಹಾಡಿದರು.

ಹೊರಡುವ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಕೆಲವೇ. ಹಣವನ್ನು ತಾಂಬೂಲದ ಜೊತೆ ಮುಂದಾಳಿನ ಕೈಗೆ ಎಲ್ಲರೆದುರು ಕೊಟ್ಟು, ಹಿಮ್ಮೇಳದವರಿಗೂ ಅವರವರ ಪಾಲನ್ನು ಬೇರೆ ಬೇರೆ ಲಕೋಟೆಯಲ್ಲಿ ಕೊಡಿ. ತಂಬೂರಿಯ ಗವಸು, ಕಂಸಾಳೆಯ ಗೊಂಡೆ, ತಮಟೆಯ ಕೋಲು ಚಾಪೆಯಡಿ ಉಳಿದಿಲ್ಲವೆಂದು ನೋಡಿಕೊಳ್ಳಿ. ಕೊನೆಯ ಬಸ್ಸಿಗೆ ಇಪ್ಪತ್ತು ನಿಮಿಷ ಮೊದಲೇ ಒಬ್ಬರು ಜೊತೆಗೆ ಹೋಗಿ, ಅವರು ಹತ್ತಿ ಕುಳಿತು ಬಸ್ಸು ಹೊರಟ ಮೇಲೆ ಮರಳಲಿ. ಊರು ಸೇರಿದ್ದನ್ನು ಕೇಳಲು ಬೆಳಿಗ್ಗೆ ಒಂದು ಫೋನು ಮಾಡಿ, ಮುಂದಿನ ಶನಿವಾರದ ಸಾಲು ಯಾವುದೆಂದು ಆಗಲೇ ಕೇಳಿ ಬರೆದುಕೊಳ್ಳಿ.